ಭತ್ತದ ಬಿತ್ತನೆ ಬೀಜ: ಬೆರಕೆಯಿಲ್ಲದೆ ಬೆಳೆಯುವ, ನಂಬಿಕೆ ಉಳಿಸಿಕೊಂಡು ಮಾರುವ ಕ್ರಮ

ಭತ್ತ ಸ್ವಪರಾಗಸ್ಪರ್ಶದ ಬೆಳೆ. ಹೂವು ಬಿಚ್ಚುವ ಹೊತ್ತಿಗೇ ಅದರ ಪರಾಗ ಅದೇ ಹೂವಿನೊಳಗೆ ಬಿದ್ದಿರುತ್ತದೆ, ಗಾಳಿಗೆ ಹಾರಿದ ಪರಾಗ ಕೆಲವೇ ನಿಮಿಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಈ ಕಾರಣದಿಂದಲೇ ಬೀಜ ಪ್ರಮಾಣೀಕರಣದ ನಿಯಮಗಳು ಬೇರೆ ತಳಿಯ ಗದ್ದೆಗೂ ಬೀಜದ ಗದ್ದೆಗೂ ನಡುವೆ ಕೇವಲ 3 ಮೀಟರ್ ಅಂತರವನ್ನು ಕೇಳುತ್ತವೆ. ಇಷ್ಟು ಸುಲಭವಾಗಿ ಶುದ್ಧವಾಗಿ ಉಳಿಯಬಲ್ಲ ಬೆಳೆಯ ಬೀಜ ನಮ್ಮ ಊರುಗಳಲ್ಲಿ ನಾಲ್ಕಾರು ವರ್ಷಗಳಲ್ಲಿ ಬೆರಕೆಯಾಗುತ್ತಿದ್ದರೆ, ಅದಕ್ಕೆ ಪರಾಗಕ್ಕಿಂತ ಹೆಚ್ಚಾಗಿ ಹಿಂದಿನ ಬೆಳೆಯ ಉದುರು ಕಾಳು, ಕಟಾವು ಯಂತ್ರ, ಕಣ ಮತ್ತು ಹಳೆಯ ಗೋಣಿಚೀಲಗಳೇ ಕಾರಣ. ಬೀಜೋತ್ಪಾದನೆಗೆ ಇಳಿಯುವ ರೈತರು ಈ ನಾಲ್ಕರ ಮೇಲೆ ಕಣ್ಣಿಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆಯೇ.

ತಳಿ, ಹಂಗಾಮು ಮತ್ತು ಮೂಲ ಬೀಜ

ಯಾವ ತಳಿಯ ಬೀಜ ಬೆಳೆಯಬೇಕು ಎಂಬುದನ್ನು ನಿಮ್ಮ ಗದ್ದೆಗಿಂತ ಮೊದಲು ಸುತ್ತಲಿನ ರೈತರ ಬೇಡಿಕೆ ನಿರ್ಧರಿಸಬೇಕು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರಿನ ಕಡೆ ಬಿಪಿಟಿ 5204, ಆರ್‌ಎನ್‌ಆರ್ 15048ರಂಥ ಸಣ್ಣಕ್ಕಿ ತಳಿಗಳನ್ನು ಕೇಳುವವರು ಇರುತ್ತಾರೆ; ಕರಾವಳಿಯಲ್ಲಿ ಎಂಒ 4, ಜ್ಯೋತಿಯಂಥ ಕೆಂಪಕ್ಕಿ ತಳಿಗಳಿಗೆ ಬೆಲೆ. ಕೆಆರ್‌ಎಚ್ 4ರಂಥ ಹೈಬ್ರಿಡ್ ಭತ್ತದಿಂದ ಬೀಜ ಎತ್ತಿಡುವ ಯೋಚನೆ ಬೇಡ, ಅದರ ಮುಂದಿನ ಪೀಳಿಗೆಯಲ್ಲಿ ಗುಣಗಳೆಲ್ಲ ಒಡೆದುಹೋಗುತ್ತವೆ.

ಪ್ರಮಾಣೀಕರಣ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಪ್ರಮಾಣಿತ ಬೀಜ ಬೆಳೆಯಲು ಸಾಮಾನ್ಯವಾಗಿ ಅದಕ್ಕಿಂತ ಒಂದು ದರ್ಜೆ ಮೇಲಿನ ಮೂಲ ಬೀಜ ಬೇಕು. ಅದು ಕೃಷಿ ವಿಶ್ವವಿದ್ಯಾಲಯಗಳ ಬೀಜ ಘಟಕಗಳಲ್ಲಿ, ಕರ್ನಾಟಕ ರಾಜ್ಯ ಬೀಜ ನಿಗಮದಲ್ಲಿ, ರಾಷ್ಟ್ರೀಯ ಬೀಜ ನಿಗಮದಲ್ಲಿ ದೊರೆಯುತ್ತದೆ. ಚೀಲಕ್ಕೆ ಹೊಲಿದ ಚೀಟಿಯ ಬಣ್ಣವನ್ನು ನೋಡಿಯೇ ದರ್ಜೆ ತಿಳಿಯಬಹುದು: ತಳಿವರ್ಧಕರ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ನಿಜಚೀಟಿ ಬೀಜಕ್ಕೆ (ಪ್ರಮಾಣೀಕರಣವಿಲ್ಲದೆ, ಮಾರುವವರೇ ಗುಣಮಟ್ಟದ ಹೊಣೆ ಹೊತ್ತು ಚೀಟಿ ಹಾಕಿದ ಬೀಜ) ಹಸಿರು. ಬೀಜ ತಂದ ರಸೀದಿಯನ್ನೂ ಚೀಟಿಗಳನ್ನೂ ಜೋಪಾನವಾಗಿ ಇಡಿ. ಪ್ರಮಾಣೀಕರಣ ಸಂಸ್ಥೆಯಲ್ಲಿ ಹೆಸರು ನೋಂದಾಯಿಸುವಾಗ ಬೀಜದ ಮೂಲಕ್ಕೆ ಇವೇ ಪುರಾವೆ.

ಹಂಗಾಮಿನ ವಿಚಾರದಲ್ಲಿ ನನ್ನ ಸಲಹೆ ಸ್ಪಷ್ಟ. ಮಳೆಗಾಲದ ಬೆಳೆಯಲ್ಲಿ ಬೀಜ ತೆಗೆದು ಮುಂದಿನ ಮುಂಗಾರಿಗೆ ಮಾರುವುದು ಹೊಸಬರಿಗೆ ಕ್ಷೇಮ. ಪ್ರಮಾಣಿತ ಬೀಜದ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು. ಡಿಸೆಂಬರಿನಲ್ಲಿ ಕೊಯ್ದು ಫೆಬ್ರುವರಿಯಲ್ಲಿ ಪರೀಕ್ಷೆ ಮುಗಿದರೆ ಜೂನ್, ಜುಲೈ ಬಿತ್ತನೆಗೆ ಅವಧಿ ಧಾರಾಳವಾಗಿ ಸಾಲುತ್ತದೆ. ಬೇಸಿಗೆ ಬೆಳೆಯನ್ನು ಮೇ ತಿಂಗಳಲ್ಲಿ ಕೊಯ್ದು ಜೂನಿನಲ್ಲೇ ಮಾರಲು ಹೊರಟರೆ ಸಂಸ್ಕರಣೆಗೂ ಪರೀಕ್ಷೆಗೂ ಸಮಯ ಸಿಗುವುದಿಲ್ಲ, ಕೊಯ್ಲಿನ ವೇಳೆಗೆ ಮಳೆ ಹಿಡಿಯುವ ಭಯವೂ ಇರುತ್ತದೆ.

ಗದ್ದೆ ಮತ್ತು ನಾಟಿ

ಹಿಂದಿನ ಹಂಗಾಮಿನಲ್ಲಿ ಬೇರೆ ತಳಿ ಬೆಳೆದ ಗದ್ದೆಯನ್ನು ಸಾಧ್ಯವಾದಷ್ಟು ಬಿಟ್ಟುಬಿಡಿ. ಬೇರೆ ದಾರಿ ಇಲ್ಲದಿದ್ದರೆ ನಾಟಿಗೆ ಮೊದಲು ನೀರು ಹಾಯಿಸಿ, ಉದುರಿದ ಕಾಳು ಮೊಳೆತ ಮೇಲೆ ಉಳುಮೆ ಮಾಡಿ, ಇದನ್ನು ಎರಡು ಸಲವಾದರೂ ಮಾಡಿ. ಹಳೆಯ ಕಣದ ಜಾಗದಲ್ಲಿ ಸಸಿಮಡಿ ಮಾಡಬಾರದು. ಹುಲ್ಲಿನೊಂದಿಗೆ ಬಂದ ಕಾಳು ಉಳಿದಿರುವ, ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರವನ್ನೂ ಸಸಿಮಡಿಗೆ ಹಾಕಬಾರದು.

ಬಿತ್ತುವ ಮುನ್ನ ಉಪ್ಪುನೀರಿನಲ್ಲಿ ಬೀಜ ಆಯಬೇಕು. ಬಕೆಟ್ ನೀರಿಗೆ ಹಸಿ ಕೋಳಿಮೊಟ್ಟೆ ಹಾಕಿ, ಅದು ತೇಲಿ ಮೇಲ್ಭಾಗ ನಾಣ್ಯದಷ್ಟು ಕಾಣುವವರೆಗೆ ಉಪ್ಪು ಕರಗಿಸುತ್ತ ಹೋಗಿ. ಬೀಜ ಸುರಿದಾಗ ತೇಲಿದ ಜೊಳ್ಳನ್ನೂ ಅರೆಗಾಳನ್ನೂ ತೆಗೆದು, ಮುಳುಗಿದ ಗಟ್ಟಿ ಕಾಳನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆಗೆ ತೊಂದರೆ.

ಬೀಜದ ಗದ್ದೆಗೆ ಚೆಲ್ಲು ಬಿತ್ತನೆ ಸಲ್ಲದು, ಅದರಲ್ಲಿ ಬೆರಕೆ ಗಿಡವನ್ನು ಗುರುತಿಸುವುದೂ ಕಷ್ಟ, ಒಳಗೆ ನಡೆದಾಡುವುದೂ ಕಷ್ಟ. ಸಾಲಿನಲ್ಲಿ, ಬುಡಕ್ಕೆ ಒಂದೆರಡು ಸಸಿಯಂತೆ ನೆಟ್ಟು, ಪ್ರತಿ ಎರಡು ಮೂರು ಮೀಟರಿಗೆ ಒಂದು ಸಾಲು ಖಾಲಿ ಬಿಡಿ. ಸಾರಜನಕ ಹೆಚ್ಚು ಕೊಡುವ ಆಸೆ ಬೇಡ. ಮಲಗಿದ ಬೆಳೆಯಲ್ಲಿ ತೆನೆ ನೀರಿಗೆ ತಾಗಿ ಕಾಳು ಬಣ್ಣಗೆಡುತ್ತದೆ, ಮೊಳಕೆಯೂ ಕುಗ್ಗುತ್ತದೆ.

ಬೆರಕೆ ತೆಗೆಯುವುದು

ಬೀಜೋತ್ಪಾದಕರನ್ನು ಸಾಮಾನ್ಯ ಬೆಳೆಗಾರರಿಂದ ಬೇರೆ ಮಾಡುವ ಕೆಲಸ ಇದೇ. ಪ್ರಮಾಣಿತ ಬೀಜದ ಗದ್ದೆಯಲ್ಲಿ ಬೆರಕೆ ಗಿಡ ಶೇ. 0.20ನ್ನು, ಮೂಲ ಬೀಜದ ಗದ್ದೆಯಲ್ಲಿ ಶೇ. 0.05ನ್ನು ಮೀರುವಂತಿಲ್ಲ. 20 × 15 ಸೆಂ.ಮೀ. ಅಂತರದ ನಾಟಿಯಲ್ಲಿ ಎಕರೆಗೆ ಸುಮಾರು 1.3 ಲಕ್ಷ ಬುಡಗಳಿರುತ್ತವೆ. ಅಂದರೆ ಇಡೀ ಎಕರೆಯಲ್ಲಿ 260 ಬುಡದಷ್ಟು ಬೆರಕೆ ಉಳಿದರೂ ಅಲ್ಲಿಗೆ ಮಿತಿ ಮುಟ್ಟಿತು. ಒಂದು ಎಕರೆಯಿಂದ 20 ಕ್ವಿಂಟಲ್ ಬೀಜ ದೊರೆತರೆ ಎಕರೆಗೆ 25 ಕೆ.ಜಿ.ಯಂತೆ ಅದು 80 ಎಕರೆ ತಲುಪುತ್ತದೆ, ನೀವು ಬಿಟ್ಟ ಬೆರಕೆಯೂ ಜೊತೆಗೆ ಅಲ್ಲಿಗೆಲ್ಲ ಹೋಗುತ್ತದೆ.

ತೆಂಡೆ (ಬುಡದ ಪಕ್ಕದ ಚಿಗುರು) ಒಡೆಯುವ ಹಂತದಲ್ಲಿ ಬುಡದ ಎಲೆಕವಚದ ಬಣ್ಣ ನೋಡಿ. ಹಸಿರು ಬುಡದ ತಳಿಯ ನಡುವೆ ನೇರಳೆ ಬುಡ ಕಂಡರೆ ಅನುಮಾನಿಸದೆ ಕೀಳಿ. ಹೊಡೆ ಹೊರಡುವಾಗ ಮುಖ್ಯ ಬೆಳೆಗಿಂತ ಮೊದಲೇ ತೆನೆ ಹಾಕಿದವು, ತಲೆ ಎತ್ತಿ ನಿಂತ ಎತ್ತರದವು, ತುದಿ ಎಲೆ ಬೇರೆ ಕೋನದಲ್ಲಿ ಬಾಗಿದವು ದೂರದಿಂದಲೇ ಕಾಣುತ್ತವೆ. ಕಾಳು ಬಲಿಯುವಾಗ ಕಾಳಿನ ತುದಿಯ ಬಣ್ಣ, ಮೀಸೆ, ಹೊಟ್ಟಿನ ಬಣ್ಣ, ಕಾಳಿನ ಉದ್ದಗಲ ನೋಡಬೇಕು. ಬೆಳಗಿನ ಹೊತ್ತು, ಸೂರ್ಯನಿಗೆ ಬೆನ್ನು ಮಾಡಿ, ಬಿಟ್ಟ ಸಾಲಿನಲ್ಲಿ ನಿಧಾನ ನಡೆಯುತ್ತ ಎಡಬಲಗಳ ಪಟ್ಟಿಯನ್ನು ಮಾತ್ರ ನೋಡಿದರೆ ಕಣ್ಣು ತಪ್ಪುವುದು ಕಡಿಮೆ. ಅನುಮಾನದ ತೆನೆಯನ್ನಷ್ಟೇ ಮುರಿದರೆ ಸಾಲದು, ಬುಡದಿಂದ ಹೊರಡುವ ತೆಂಡೆಗಳು ಮತ್ತೆ ತೆನೆ ಹಾಕುತ್ತವೆ. ಇಡೀ ಬುಡವನ್ನು ಬೇರುಸಹಿತ ಕಿತ್ತು ಗದ್ದೆಯ ಹೊರಗೆ ಒಯ್ಯಬೇಕು. ಕಾಡುಭತ್ತದ ಮಿತಿ ಇನ್ನೂ ಬಿಗಿ, ಪ್ರಮಾಣಿತ ಬೀಜದಲ್ಲೂ ಶೇ. 0.02 ಮಾತ್ರ.

ಹೂ ಬಿಡುವ ಹಂತದಿಂದ ಕೊಯ್ಲಿನವರೆಗೆ ಪ್ರಮಾಣೀಕರಣ ಸಂಸ್ಥೆಯ ಅಧಿಕಾರಿಗಳು ಕನಿಷ್ಠ ಎರಡು ಬಾರಿ ಕ್ಷೇತ್ರ ತಪಾಸಣೆ ನಡೆಸುತ್ತಾರೆ. ಅವರು ಬರುವ ಮುನ್ನವೇ ಬೆರಕೆ ತೆಗೆದಿರಬೇಕು.

ಕೊಯ್ಲು, ಒಣಗಿಸುವುದು, ಪರೀಕ್ಷೆ

ಅರ್ಧದಷ್ಟು ಹೂ ಬಂದು ಸುಮಾರು ಒಂದು ತಿಂಗಳಾಗಿ, ತೆನೆಯ ನೂರರಲ್ಲಿ 80ರಿಂದ 85 ಕಾಳು ಹೊಂಬಣ್ಣಕ್ಕೆ ತಿರುಗಿದಾಗ ಕೊಯ್ಯಬೇಕು. ಕಂಬೈನ್ ಯಂತ್ರ ತರಿಸುವುದಾದರೆ ಅದು ನಿನ್ನೆ ಬೇರೊಬ್ಬರ ಗದ್ದೆಯಲ್ಲಿ ಬೇರೊಂದು ತಳಿ ಕೊಯ್ದು ಬಂದಿದೆ ಎಂದೇ ತಿಳಿಯಿರಿ. ಕಾಳಿನ ತೊಟ್ಟಿಯ ತಳ, ಕಾಳು ಮೇಲೆತ್ತುವ ಕೊಳವೆಯ ಬುಡ, ಜರಡಿಯ ಸಂದು, ಈ ಮೂರು ಕಡೆ ಹಳೆಯ ಭತ್ತ ಅಡಗಿರುತ್ತದೆ. ಮುಚ್ಚಳಗಳನ್ನು ತೆರೆಸಿ, ಯಂತ್ರವನ್ನು ಖಾಲಿ ಓಡಿಸಿ, ಕೊಡವಿಸಿ. ಆಮೇಲೂ ಮೊದಲು ಬಂದ ಕೆಲವು ಚೀಲಗಳನ್ನು ಬೀಜಕ್ಕೆ ಸೇರಿಸದೆ ಅಕ್ಕಿಗೆ ಬಿಡಿ. ಗದ್ದೆಯ ಅಂಚಿನ ಸಾಲುಗಳನ್ನೂ ಹಾಗೆಯೇ ಪ್ರತ್ಯೇಕ ಕೊಯ್ಯುವುದು ಒಳ್ಳೆಯದು. ಡ್ರೈವರ್ ಅವಸರಪಡಿಸುತ್ತಾರೆ, ಬಾಡಿಗೆಯೂ ಏರುತ್ತದೆ, ಆದರೂ ಈ ಒಂದು ಗಂಟೆಯನ್ನು ಉಳಿಸಲು ಹೋಗಬಾರದು.

ಕೊಯ್ದಾಗ ಕಾಳಿನಲ್ಲಿ ಶೇ. 20ರ ಆಸುಪಾಸು ತೇವ ಇರುತ್ತದೆ, ಅದು ಶೇ. 13ಕ್ಕೆ ಇಳಿಯಬೇಕು. ಟಾರು ರಸ್ತೆಯಲ್ಲಿ ನಡುಮಧ್ಯಾಹ್ನ ಒಣಗಿಸಿದ ಭತ್ತ ಅಕ್ಕಿಗೂ ಕೆಡುಕು, ಬೀಜಕ್ಕಂತೂ ಭ್ರೂಣವೇ ಬೆಂದುಹೋಗುವ ಅಪಾಯವಿದೆ. ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ ಆಗಾಗ ಕಾಲಾಡಿಸಿ. ಗೋಣಿಚೀಲಗಳು ಹೊಸವಾಗಿರಲಿ, ಹಳೆಯವಾದರೆ ಒಳಹೊರಗು ತಿರುಗಿಸಿ ಹೊಲಿಗೆಯ ಸಂದಿನ ಕಾಳನ್ನು ತೆಗೆಯಿರಿ. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ.

ಸಂಸ್ಕರಣೆಯ ನಂತರ ಶುದ್ಧ ಬೀಜ ಕನಿಷ್ಠ ಶೇ. 98, ಮೊಳಕೆ ಕನಿಷ್ಠ ಶೇ. 80 ಇರಬೇಕು. ಮನೆಯಲ್ಲೇ ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಪರೀಕ್ಷಿಸಬಹುದು. ಆದರೆ ಹೊಸ ಭತ್ತಕ್ಕೆ ಕೆಲವು ವಾರಗಳ ಸುಪ್ತಾವಸ್ಥೆ ಇರುತ್ತದೆ. ಕೊಯ್ದ ಕೂಡಲೇ ಮಾಡಿದ ಪರೀಕ್ಷೆಯಲ್ಲಿ ಮೊಳಕೆ ಕಡಿಮೆ ಬಂದರೆ ಗಾಬರಿಯಾಗದೆ, ತಿಂಗಳ ನಂತರ ಮತ್ತೊಮ್ಮೆ ನೋಡಿ.

ಮಾರಾಟ

ಮೊದಲ ಬಾರಿಗೆ ಬೀಜ ಬೆಳೆಯುವವರಿಗೆ ಬೀಜ ನಿಗಮದೊಂದಿಗೆ ಒಪ್ಪಂದ ಮಾಡಿಕೊಳ್ಳುವುದೇ ಸರಿಯಾದ ದಾರಿ. ಸಂಸ್ಕರಣೆ, ಚೀಟಿ, ಮಾರಾಟದ ಹೊರೆ ಅವರದಾಗಿರುತ್ತದೆ, ನೀವು ಬೆಳೆಯುವುದನ್ನು ಕಲಿಯುತ್ತೀರಿ. ನಾಲ್ಕಾರು ಹಂಗಾಮು ಕಳೆದು ಕೈ ಕುದುರಿದ ಮೇಲೆ ರೈತ ಉತ್ಪಾದಕ ಸಂಸ್ಥೆಯಾಗಿ ಸ್ವಂತ ಹೆಸರಿನಲ್ಲಿ ಮಾರಬಹುದು. ಅದಕ್ಕೆ 1983ರ ಬೀಜ ನಿಯಂತ್ರಣ ಆದೇಶದಂತೆ ಕೃಷಿ ಇಲಾಖೆಯಿಂದ ಪರವಾನಗಿ ಬೇಕು. ತಳಿ, ಲಾಟ್ (ಒಟ್ಟಿಗೆ ಸಂಸ್ಕರಿಸಿದ ಬೀಜದ ರಾಶಿ) ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆ ಹಾಗೂ ಶುದ್ಧತೆಯ ಪ್ರಮಾಣ, ತೂಕ ಮತ್ತು ಮಾರುವವರ ವಿಳಾಸ ಚೀಟಿಯಲ್ಲಿರಬೇಕು. ರೈತರು ತಾವು ಬೆಳೆದ ಬೀಜವನ್ನು ಬ್ರ್ಯಾಂಡ್ ಹೆಸರಿಲ್ಲದೆ ಮತ್ತೊಬ್ಬ ರೈತರಿಗೆ ಕೊಡುವ, ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಎತ್ತಿಹಿಡಿದಿದೆ.

ಜಾಹೀರಾತಿಗಿಂತ ಗದ್ದೆಯೇ ಬೀಜವನ್ನು ಚೆನ್ನಾಗಿ ಮಾರುತ್ತದೆ. ತೆನೆ ಬಲಿತು ಬಾಗಿದ ವಾರದಲ್ಲಿ ಸುತ್ತಲಿನ ಊರಿನವರನ್ನು ಕರೆದು ಗದ್ದೆಯೊಳಗೆ ನಡೆದಾಡಿಸಿ, ಒಂದೇ ಎತ್ತರಕ್ಕೆ ನಿಂತ ಬೆಳೆಯನ್ನು ಅವರೇ ನೋಡಲಿ, ಅಲ್ಲೇ ಮುಂಗಡ ಬೇಡಿಕೆ ಬರೆದುಕೊಳ್ಳಿ. ಯಾವ ಲಾಟ್‌ನ ಚೀಲ ಯಾರಿಗೆ ಹೋಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ, ಪ್ರತಿ ಲಾಟ್‌ನಿಂದ ಒಂದೆರಡು ಕೆ.ಜಿ. ಮಾದರಿಯನ್ನು ಮೊಹರು ಮಾಡಿ ಎತ್ತಿಡಿ. ಮೊಳಕೆ ಬರಲಿಲ್ಲವೆಂಬ ದೂರು ಬಂದಾಗ ಅದೇ ಮಾದರಿಯನ್ನು ದೂರು ತಂದವರ ಎದುರಿಗೇ ನೆನೆಹಾಕಬಹುದು.

ಬೀಜೋಪಚಾರದ ಔಷಧಿಯನ್ನು ಮುಂಗಡ ಬೇಡಿಕೆ ಇರುವಷ್ಟು ಬೀಜಕ್ಕೆ ಮಾತ್ರ ಲೇಪಿಸಿ. ಉಪಚರಿಸದ ಬೀಜ ಮಾರಾಟವಾಗದೆ ಉಳಿದರೆ ಗಿರಣಿಗೆ ಹೋಗಿ ಅಕ್ಕಿಯಾಗುತ್ತದೆ. ಔಷಧಿ ಹಚ್ಚಿದ ಬೀಜವನ್ನು ಮಾತ್ರ ಯಾವ ಕಾರಣಕ್ಕೂ ಮನುಷ್ಯರಿಗಾಗಲಿ ಕೋಳಿ, ದನಗಳಿಗಾಗಲಿ ಹಾಕುವಂತಿಲ್ಲ, ಆ ಚೀಲಗಳ ಮೇಲೆ ವಿಷದ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಸಲೇಬೇಕು.