ಮಾರಾಟಕ್ಕಿಲ್ಲದ ಹಾಯಿದೋಣಿ ಕೇಳೋಕೆ ಹೋಗಿದ್ದು: ನನ್ನ ಅನುಭವ

ಹಾಯಿದೋಣಿ ತಗೋತೀನಿ ಅಂದ್ರೆ ನಮ್ಮ ಸಾಗರದ ಕಡೆ ಮೊದ್ಲು ನಗ್ತಾರೆ, ತೋಟದ ಕೆಲ್ಸ ಬಿಟ್ಟು ಇವನಿಗೆಂತ ಹುಚ್ಚು ಅಂತ. ಮನೆಯಿಂದ ಅರ್ಧ ಗಂಟೆಗೆ ಶರಾವತಿ ಹಿನ್ನೀರು, ಲಿಂಗನಮಕ್ಕಿ ಡ್ಯಾಮ್ ತುಂಬಿ 1819 ಅಡಿ ಹತ್ರ ಬಂತಂದ್ರೆ ಸಮುದ್ರದ ಥರ ಕಾಣತ್ತೆ, ಅದನ್ನ ಬರೀ ನೋಡ್ಕೊಂಡು ಎಷ್ಟು ವರ್ಷ ಇರೋದು. ಗೋವಾದಲ್ಲಿ ಒಂದು ವಾರ ಹಾಯಿ ಹಿಡಿಯೋದು ಕಲ್ತು ಬಂದೆ, ಹೊಸ ದೋಣಿ ರೇಟು ಕೇಳಿ ಸುಮ್ನಾದೆ. ಓಎಲ್‌ಎಕ್ಸ್‌ನಲ್ಲಿ ಹುಡುಕಿದ್ರೆ ಗಾಳಿ ತುಂಬೋ ರಬ್ಬರ್ ಬೋಟು, ಪೆಡಲ್ ಬೋಟು, ಅಷ್ಟೇ.

ಮೊದಲನೇ ಸಲ ಪೂರ್ತಿ ಹಾಳು ಮಾಡ್ಕೊಂಡೆ. ಕೊಪ್ಪದ ಹತ್ರ ಒಂದು ಕಾಫಿ ತೋಟದಲ್ಲಿ ಫೈಬರ್ ದೋಣಿಯೊಂದು ಮಗುಚಿ ಬಿದ್ದಿದೆ ಅಂತ ಗೊತ್ತಾಗಿ ಸೀದಾ ಬೈಕಲ್ಲಿ ಒಳಗೆ ಹೋದೆ, ಹೆಲ್ಮೆಟ್ ತೆಗೆಯೋಕೆ ಮುಂಚೆನೇ "ಸಾರ್, ಅದನ್ನ ಎಷ್ಟಕ್ಕೆ ಕೊಡ್ತೀರಾ" ಅಂದ್ಬಿಟ್ಟೆ. "ಕೊಡ್ತೀನಿ ಅಂತ ನಿಮಗ್ಯಾರು ಹೇಳಿದ್ದು?" ಅಂದ್ರು. ಕಾಫಿ ಇರ್ಲಿ, ನೀರೂ ಕೇಳ್ಲಿಲ್ಲ. ತಪ್ಪು ನಂದೇ ಬಿಡಿ. ಹತ್ತು ವರ್ಷ ಮುಟ್ಟಿಲ್ಲದಿದ್ರೂ ದೋಣಿ ಇಟ್ಕೊಂಡೋರ ತಲೆಲಿ ಮುಂದಿನ ವರ್ಷ ರೆಡಿ ಮಾಡ್ಸ್ತೀನಿ ಅನ್ನೋದು ಇದ್ದೇ ಇರತ್ತೆ, ನಾವು ಹೋಗಿ ರೇಟು ಕೇಳಿದ್ರೆ ನಿಮ್ಮ ಕೈಲಿ ಇನ್ನು ಆಗಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ.

ಎರಡನೇದು ಸಿಕ್ಕಿದ್ದು ಅಡಿಕೆ ಮರ ಹತ್ತೋ ನಮ್ಮ ಕೊನೆಗೌಡನಿಂದ. ಬೋರ್ಡೋ ಔಷಧಿ ಹೊಡೆಯೋಕೆ, ಕೊನೆ ಕೊಯ್ಯೋಕೆ ಅಂತ ಅವನು ಹತ್ತದ ತೋಟ ಇಲ್ಲ, ಮರದ ಮೇಲಿಂದ ಯಾರ ಮನೆ ಹಿಂದೆ ಎಂತ ಬಿದ್ದಿದೆ ಅಂತ ಎಲ್ಲಾ ಕಾಣತ್ತೆ. ಹಳೇ ಸಾಮಾನು ಹುಡುಕೋರು ಇಂಥೋರನ್ನ ಕೇಳಿ, ಪಂಪ್‌ಸೆಟ್ ರಿಪೇರಿಯವ್ರು, ಆಚಾರ್ರು, ಪಿಕಪ್ ಓಡಿಸೋ ಹುಡುಗ್ರು. "ತೀರ್ಥಹಳ್ಳಿ ಕಡೆ ಒಂದು ಮನೆ ಕೊಟ್ಟಿಗೆ ಮಾಡಿನಡಿ ನಿಮ್ಮ ಹಡಗಿನಂಥದ್ದು ಉಂಟು ಅಯ್ಯಾ, ಮೇಲೆ ಸೋಗೆ ಹೊದ್ಸಿದ್ದಾರೆ" ಅಂದ.

ಈ ಸಲ ನುಗ್ಗಲಿಲ್ಲ. ಯಜಮಾನ್ರು ನೇವಿಯಲ್ಲಿದ್ದು ರಿಟೈರ್ ಆದೋರು, ವರ್ಷದಲ್ಲಿ ಅರ್ಧ ಬೆಂಗಳೂರಲ್ಲಿ ಮಗಳ ಮನೇಲಿ. ಕೈಲೇ ಒಂದು ಪುಟ ಕಾಗದ ಬರೆದೆ: ಯಾವ ಊರು, ಯಾರ ಮಗ, ದೋಣಿ ಇರೋದು ಹೇಗೆ ಗೊತ್ತಾಯ್ತು, ನಿಮ್ಮನ್ನ ಕೇಳ್ದೆ ಒಳಗೆ ಬಂದು ನೋಡಿಲ್ಲ, ಸಿಕ್ಕಿದ್ರೆ ಬಿಚ್ಚಿ ಮಾರಲ್ಲ, ಹಿನ್ನೀರಲ್ಲಿ ಓಡಿಸ್ತೀನಿ, ಕೊಡೋ ಮನಸ್ಸಿಲ್ಲದಿದ್ರೂ ಒಂದ್ಸಲ ತೋರಿಸಿ ಅಂತ. ರೇಟಿನ ಮಾತೇ ಇಲ್ಲ. ಮೂರು ವಾರ ಸುದ್ದಿ ಇಲ್ಲ, ನಾನೂ ಜ್ಞಾಪಿಸೋಕೆ ಹೋಗ್ಲಿಲ್ಲ. ಆಮೇಲೆ ಒಂದು ಸಂಜೆ ಫೋನು, ನಮಸ್ಕಾರ ಗಿಮಸ್ಕಾರ ಏನಿಲ್ಲ, "ಜಿಬ್ ಅಂದ್ರೆ ಯಾವ ಹಾಯಿ, ಹೇಳಿ ನೋಡೋಣ" ಅಂದ್ರು. ಮುಂದಿನ ಸಣ್ಣ ಹಾಯಿ ಸಾರ್ ಅಂದೆ. ಭಾನುವಾರ ಬನ್ನಿ ಅಂದ್ರು.

ಹೋಗಿದ್ದು ಮೇ ತಿಂಗಳಲ್ಲಿ, ಅದೂ ಬೇಕಂತಲೇ. ಕೊಯ್ಲಿನ ಟೈಮಲ್ಲಿ ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ, ಮೇ ಅಂದ್ರೆ ಇನ್ನೊಂದು ಮಳೆಗಾಲಕ್ಕೆ ಟಾರ್ಪಾಲು ಕಟ್ಟಬೇಕಲ್ಲಪ್ಪಾ ಅನ್ನೋ ಬೇಜಾರು ಅವರಿಗೂ ಇರತ್ತೆ.

ಸೋಗೆ ಸರಿಸಿದ್ರೆ ಎಂಟರ್‌ಪ್ರೈಸ್! 1956ರಲ್ಲಿ ಜಾಕ್ ಹೋಲ್ಟ್ ಡಿಸೈನ್ ಮಾಡಿದ್ದು, ಇಬ್ಬರು ಕೂರೋ ಪ್ಲೈವುಡ್ ದೋಣಿ, ನಾಲ್ಕು ಮೀಟರ್ ಉದ್ದ, ನೀಲಿ ಹಾಯಿ ಅದರ ಗುರುತು. ಅವರ ಎದುರಲ್ಲೇ, ಕೇಳ್ಕೊಂಡೇ, ದಬ್ಬಣದಿಂದ ಮೂಲೆ ಮೂಲೆ ಚುಚ್ಚಿ ನೋಡ್ದೆ. ಗಟ್ಟಿ ಇದ್ರೆ ಮೊನೆ ನಿಲ್ಲತ್ತೆ, ಲಡ್ಡಾಗಿದ್ರೆ ಬೆಣ್ಣೆಗೆ ಹೋದಂಗೆ ಹೋಗತ್ತೆ. ಹಿಂದಿನ ಹಲಗೆ ಒಂದು ಮೂಲೇಲಿ ಹೋಯ್ತು, ಬೇರೆಲ್ಲೂ ಇಲ್ಲ, ವರಲೆ ಹತ್ತಿರಲಿಲ್ಲ. ಹಾಯಿ ಕಟ್ಟೋ ಕಂಬ, ಅಂದ್ರೆ ಅಲ್ಯೂಮಿನಿಯಂ ಮಾಸ್ಟ್‌ಗೆ ಸ್ಟೀಲ್ ರಿವೆಟ್ ಹೊಡೆದಿರೋ ಕಡೆ ಬಿಳಿ ಪುಡಿ ಎದ್ದಿತ್ತು, ಎರಡು ಲೋಹ ಸೇರಿ ತಿಂದಿದ್ದು ಅದು. ಮಾಸ್ಟ್ ಹಿಡಿದು ನಿಲ್ಲಿಸೋ ತಂತಿಯಲ್ಲಿ ಎಳೆ ಕಿತ್ತು ಬಂದಿತ್ತು, ಅದನ್ನ ಹೊಸದೇ ಹಾಕಿಸ್ಬೇಕು. ಹಾಯಿ ಮಡಿಕೆಯಲ್ಲಿ ಇಲಿ ಗೂಡು. ಇದ್ಯಾವುದನ್ನೂ ರೇಟು ಇಳಿಸೋಕೆ ಅಂತ ಎತ್ತಿ ಆಡ್ಲಿಲ್ಲ, ಕಂಡಿದ್ದನ್ನ ಹೇಳ್ತಾ ಹೋದೆ, ಯಾವ ರಿವೆಟ್ ಯಾವ ವರ್ಷ ಯಾಕೆ ಹೊಡೆದಿದ್ದು ಅಂತ ಅವರೇ ಹೇಳ್ತಾ ಹೋದ್ರು.

ರೇಟಿನ ಮಾತು ಶುರುವಾಗಿದ್ದು ಅವರ ಹೆಂಡ್ತಿ, ಅಮ್ಮನವ್ರಿಂದ. ಎರಡನೇ ಸಲ ಮಜ್ಜಿಗೆ ತಂದಾಗ "ಒಯ್ಯಲಿ ಬಿಡಿ, ಅಡಿಕೆ ಮೂಟೆ ಇಡೋಕೆ ಜಾಗ ಆಗತ್ತೆ" ಅಂದ್ರು. ಸಾರ್ ನಲವತ್ತು ಸಾವಿರ ಅಂದ್ರು, ನಾನು ರಿಪೇರಿ ಲೆಕ್ಕ ಬರೆದಿದ್ದ ಚೀಟಿ ಕೊಟ್ಟು ಮೂವತ್ತು ಅಂದೆ, ಮೂವತ್ತೆರಡಕ್ಕೆ ಮುಗೀತು. ಬೈಕು ಕಾರಿನ ಥರ ಇದಕ್ಕೆ ಆರ್‌ಸಿ ಬುಕ್ ಇರ್ಲಿಲ್ಲ, ಅದಕ್ಕೇ ಹಾಯಿ ಮೇಲಿನ ನಂಬರ್ ಬರೆದು ಛಾಪಾ ಕಾಗದದಲ್ಲಿ ಇಬ್ಬರೂ ಸೈನ್ ಹಾಕಿದ್ವಿ.

ಎಡವಿದ್ದು ಸಾಮಾನಿನ ಪಟ್ಟಿಯಲ್ಲಿ. ದುಡ್ಡು ಕೊಡೋಕೆ ಮುಂಚೆ ಚುಕ್ಕಾಣಿ, ಅದರ ಹಿಡಿ, ಬೂಮು (ಹಾಯಿ ಕೆಳಗಿನ ಅಡ್ಡ ಕೋಲು), ಹಾಯಿಗಳು, ಸೆಂಟರ್‌ಬೋರ್ಡು ಎಲ್ಲಾ ಒಂದು ಕಡೆ ಇಟ್ಟು ಎಣಿಸ್ಕೊಳ್ಳಿ. ನಾನು ಪಿಕಪ್‌ಗೆ ಹೇರಿ ಮನೆಗೆ ತಂದ್ಮೇಲೆ ನೋಡಿದ್ರೆ ಸೆಂಟರ್‌ಬೋರ್ಡ್ ಇಲ್ಲ, ದೋಣಿ ನಡುವೆ ನೀರಿಗಿಳಿಸೋ ಹಲಗೆ ಅದು, ಅದಿಲ್ಲದಿದ್ರೆ ಗಾಳಿ ಅಡ್ಡ ತಳ್ಳತ್ತೆ. ಅವರು ಅಟ್ಟ ಎಲ್ಲಾ ಹುಡುಕ್ಸಿದ್ರು, ಸಿಗ್ಲಿಲ್ಲ. ಹದಿನೈದು ದಿನ ಬಿಟ್ಟು ಫೋನ್ ಮಾಡಿ ನಗ್ತಾ ಇದ್ರು. ತೋಟದ ಕಪ್ಪಿಗೆ, ಅಂದ್ರೆ ನೀರು ಬಸಿಯೋ ಕಾಲುವೆಗೆ, ಅವರ ಆಳು ಯಾವಾಗಲೋ ಅದನ್ನೇ ಕಾಲುಸಂಕ ಮಾಡಿ ಹಾಕಿದ್ದನಂತೆ, ಆ ಭಾನುವಾರ ತೋಟ ನೋಡೋಕೆ ಹೋದಾಗ ನಾನೇ ಅದರ ಮೇಲೆ ದಾಟಿದ್ದೆ. ಹೋಗಿ ನಾಲ್ಕು ಅಡಿಕೆ ದಬ್ಬೆ ಹಾಕಿ ಹೊಸ ಸಂಕ ಮಾಡ್ಕೊಟ್ಟು ಬೋರ್ಡ್ ತಗೊಂಡು ಬಂದೆ.