ಹೊಸ ಕಿಸೆ ಚಾಕು ಬಿಗಿಯಾಗಿದ್ದರೆ: ಕೀಲು ಸಡಿಲಿಸುವುದು, ಲಾಕ್ ನೋಡಿಕೊಳ್ಳುವುದು

ಹೊಸ ಮಡಚು ಚಾಕು ಬಿಗಿ ಅನಿಸಿದ ಕೂಡಲೇ ಹೆಚ್ಚಿನವರು ಕೈ ಹಾಕುವುದು ಕೀಲಿನ ಸ್ಕ್ರೂಗೆ. ನಿಜವಾಗಿ ಅದು ಕೊನೆಗೆ ಮುಟ್ಟಬೇಕಾದದ್ದು. ಬಿಗಿ ಎಲ್ಲಿದೆ ಎಂದು ಮೊದಲು ಕೈಗೆ ತಿಳಿಯಲಿ, ಯಾಕಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಅಲಗಿನ ಬಾಯಿಗೆ ಒಂದು ಪದರ ಪೇಪರ್ ಟೇಪ್ ಹಚ್ಚಿ, ಅಲಗನ್ನು ಬಹಳ ನಿಧಾನವಾಗಿ ಐದಾರು ಸಲ ತೆರೆದು ಮುಚ್ಚಿ.

ಮೊದಲ ಎರಡು-ಮೂರು ಮಿಲಿಮೀಟರ್ ಮಾತ್ರ ಗಟ್ಟಿಯಾಗಿದ್ದು ಆಮೇಲೆ ಅಲಗು ಸರಾಗವಾಗಿ ಬಂದರೆ ಚಾಕುವಿನಲ್ಲಿ ದೋಷವಿಲ್ಲ. ಲೈನರ್ ಲಾಕ್ ಚಾಕುಗಳಲ್ಲಿ, ಅಂದರೆ ಹಿಡಿಯೊಳಗಿನ ಲೋಹದ ಪಟ್ಟಿ ಸರಿದು ತೆರೆದ ಅಲಗನ್ನು ತಡೆದು ನಿಲ್ಲಿಸುವ ಚಾಕುಗಳಲ್ಲಿ, ಆ ಲಾಕ್ ಪಟ್ಟಿಗೆ ಸಾಸಿವೆಗಿಂತ ಸಣ್ಣ ಗುಂಡೊಂದು ಕೂತಿರುತ್ತದೆ. ಅಲಗು ಮಡಚಿದಾಗ ಆ ಗುಂಡು ಅಲಗಿನ ಬುಡದ ಕುಳಿಯಲ್ಲಿ ಇಳಿದು ಅಲಗನ್ನು ಹಿಡಿದಿಡುತ್ತದೆ. ಕಿಸೆಯಲ್ಲಿ ಚಾಕು ತಾನಾಗಿ ತೆರೆಯದೆ ಇರುವುದು ಆ ಗುಂಡಿನಿಂದಲೇ, ಅದನ್ನು ಸಡಿಲಿಸಲು ಹೋಗಬೇಡಿ. ಶುರುವಿನಿಂದ ಕೊನೆಯವರೆಗೂ ಒಂದೇ ಸಮ ಬಿಗಿಯಿದ್ದರೆ ಕಾರಣ ಕೀಲಿನಲ್ಲಿದೆ: ಗಟ್ಟಿಯಾದ ಗ್ರೀಸ್, ದೂಳು, ಇಲ್ಲವೇ ಅತಿಯಾಗಿ ತಿರುಗಿಸಿದ ಸ್ಕ್ರೂ. ತೆರೆಯುವುದು ಸಲೀಸು, ಮುಚ್ಚುವಾಗ ಲಾಕ್ ಬಿಡುವುದೇ ಇಲ್ಲ ಎಂದರೆ ತೊಂದರೆ ಲಾಕಿನ ಮುಖದಲ್ಲಿದೆ, ಅಂದರೆ ಲಾಕ್ ಅಲಗಿನ ಬುಡಕ್ಕೆ ತಾಗುವ ಜಾಗದಲ್ಲಿ, ಕೀಲಿಗೆ ಎಷ್ಟು ಎಣ್ಣೆ ಬಿಟ್ಟರೂ ಅದು ಹೋಗದು.

ತೊಳೆಯುವುದು, ಎಣ್ಣೆ ಬಿಡುವುದು

ಅರ್ಧಕ್ಕರ್ಧ ಚಾಕುಗಳು ಸ್ಕ್ರೂ ಮುಟ್ಟದೆ ಇಷ್ಟರಲ್ಲೇ ಸರಿಹೋಗುತ್ತವೆ. ಕಾರ್ಖಾನೆಯಲ್ಲಿ ಪಾಲಿಶ್ ಮಾಡಿದ ಪುಡಿ ಮತ್ತು ಹಳೆಯ ಗ್ರೀಸ್ ಸೇರಿ ಕೀಲಿನೊಳಗೆ ಅಂಟಿನಂತಾಗಿರುತ್ತವೆ. ಒಂದು ಬಟ್ಟಲು ಬಿಸಿ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಚಾಕುವನ್ನು ಅದರಲ್ಲೇ ಹಿಡಿದು ಇಪ್ಪತ್ತು-ಮೂವತ್ತು ಸಲ ತೆರೆದು ಮುಚ್ಚಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೀಲಿನ ಎರಡೂ ಬದಿ ತಿಕ್ಕಿ. ಕಟ್ಟಿಗೆಯ ಹಿಡಿಯಿದ್ದರೆ ನೀರು ಬೇಡ, ಅದರ ಮಾತು ಕೊನೆಗಿದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಸುಣ್ಣ ಉಳಿಸುತ್ತದೆ. ಆದ್ದರಿಂದ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ತೊಳೆಯಿರಿ, ಇಲ್ಲವೇ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನಂಥ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಐಪಿಎ ಎಂದು ಕೇಳಿ. ಬೆಂಕಿಯ ಹತ್ತಿರ ಬೇಡ. ಚಾಕುವನ್ನು ತೆರೆದಿಟ್ಟು ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ.

ಎಣ್ಣೆಯ ವಿಷಯದಲ್ಲಿ ನಮ್ಮ ಭಾಗದಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಅಡುಗೆಮನೆಯಲ್ಲಿರುವ ಕುಸುಬೆ ಎಣ್ಣೆಯನ್ನೇ ಎರಡು ಹನಿ ಬಿಡುವುದು! ಕುಸುಬೆ ಎಣ್ಣೆಗೆ ಗಾಳಿ ತಾಗಿ ಒಣಗಿ ಪೊರೆಗಟ್ಟುವ ಗುಣವಿದೆ, ಅದಕ್ಕೇ ಅದನ್ನು ಬಣ್ಣ-ವಾರ್ನಿಶ್‌ಗೂ ಬಳಸುತ್ತಾರೆ. ಮೊದಲ ದಿನ ಚಾಕು ಬೆಣ್ಣೆಯಂತೆ ತಿರುಗುತ್ತದೆ, ಕೆಲವು ವಾರಗಳಲ್ಲಿ ಮೊದಲಿಗಿಂತ ಬಿಗಿಯಾಗುತ್ತದೆ. ಶೇಂಗಾ ಎಣ್ಣೆಯೂ ದಿನ ಕಳೆದಂತೆ ಜಿಗುಟಾಗುತ್ತದೆ. ಕೊಬ್ಬರಿ ಎಣ್ಣೆ ಬೀದರಿನ ಚಳಿಗೆ ಹೆಪ್ಪುಗಟ್ಟುತ್ತದೆ. ಹೊಲಿಗೆ ಮಷಿನ್ ಎಣ್ಣೆ ಸಾಕು. ಅದೇ ಚಾಕುವಿನಿಂದ ಪೇರಲ, ಸೌತೆಕಾಯಿ ಹೆಚ್ಚುವವರು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಳಸಲಿ. ಅದು ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯಾಗಿಯೇ ಸಿಗುತ್ತದೆ, ಒಣಗುವುದೂ ಇಲ್ಲ. ಡಬ್ಲ್ಯೂಡಿ-40 ಕೊಳೆ ಬಿಡಿಸಲು ಒಳ್ಳೆಯದು, ಆದರೆ ಅದರ ಜಾರು ಹೆಚ್ಚು ದಿನ ನಿಲ್ಲದು.

ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಅಂದರೆ ಪ್ರತಿ ಬದಿಗೆ ಒಂದೇ ಹನಿ, ಅಲಗು ಮತ್ತು ಹಿಡಿಯ ನಡುವಿನ ಸಂದಿಗೆ ಬಿಡಿ. ಐವತ್ತು ಸಲ ತೆರೆದು ಮುಚ್ಚಿ, ಹೊರಬಂದ ಕಪ್ಪು ಎಣ್ಣೆ ಒರೆಸಿ. ಕಪ್ಪು ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಹೆಚ್ಚು ಎಣ್ಣೆ ಬಿಟ್ಟರೆ ಎರೆಮಣ್ಣಿನ ದೂಳು, ಶಹಾಬಾದ್ ಕಲ್ಲಿನ ಪುಡಿ, ಹತ್ತಿಯ ಎಳೆ ಎಲ್ಲವೂ ಅಲ್ಲೇ ಬಂದು ಕೂರುತ್ತವೆ.

ಕೀಲಿನ ಸ್ಕ್ರೂ

ಇಷ್ಟಾದರೂ ಒಂದೇ ಸಮ ಬಿಗಿ ಇದ್ದರೆ ಈಗ ಸ್ಕ್ರೂ. ಹೆಚ್ಚಿನ ಚಾಕುಗಳಲ್ಲಿ ಅದು ಆರು ಮೂಲೆಯ ನಕ್ಷತ್ರದ ತೂತಿನ ಟಾರ್ಕ್ಸ್, ಅಂಗಡಿಯಲ್ಲಿ ಸ್ಟಾರ್ ಬಿಟ್ ಎಂದರೆ ಕೊಡುತ್ತಾರೆ. ಕೀಲಿಗೆ ಸಾಮಾನ್ಯವಾಗಿ ಟಿ8 ಅಥವಾ ಟಿ10, ಹಿಡಿಯ ಸಣ್ಣ ಸ್ಕ್ರೂಗಳಿಗೆ ಟಿ6. ಬಿಟ್ ಅಲುಗಾಡದೆ ಕೂರಬೇಕು. ಟಿ8ರ ತೂತಿಗೆ ಟಿ7 ಹಾಕಿ ತಿರುಗಿಸಿದರೆ ಮೂಲೆ ಉರುಟಾಗಿ ಸ್ಕ್ರೂ ಕೆಡುತ್ತದೆ, ಆಮೇಲೆ ಅದನ್ನು ತೆಗೆಯುವುದು ದೊಡ್ಡ ಕೆಲಸ.

ಎಷ್ಟು ತಿರುಗಿಸಬೇಕು? ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋಗುವ ದೂರದ ಅರ್ಧ. ಅಷ್ಟು ಬಿಚ್ಚಿ, ಹತ್ತು ಸಲ ತೆರೆದು ಮುಚ್ಚಿ, ನೋಡಿ, ಬೇಕಾದರೆ ಮತ್ತೆ ಅಷ್ಟೇ. ಪ್ರತಿ ಸಲವೂ ಅಲಗನ್ನು ತೆರೆದು ಲಾಕ್ ಮಾಡಿ, ಬೆನ್ನಿನ ಕಡೆಯಿಂದ ಹಿಡಿದು ಎಡಬಲಕ್ಕೆ ಅಲುಗಿಸಿ. ಟಕ್‌ಟಕ್ ಎಂದರೆ ಹೆಚ್ಚು ಸಡಿಲಾಗಿದೆ, ಅರ್ಧ ಹೆಜ್ಜೆ ಹಿಂದಕ್ಕೆ ಬಿಗಿ ಮಾಡಿ. ಅಲಗು ಅಲುಗದೆ, ತಡೆಯೂ ಇಲ್ಲದೆ ತಿರುಗುವ ಒಂದು ಜಾಗ ಇದ್ದೇ ಇರುತ್ತದೆ, ಅದು ಕೂದಲೆಳೆಯಷ್ಟು ಕಿರಿದು. ಒಂದು ಬದಿ ತಿರುಗಿಸಿದಾಗ ಇನ್ನೊಂದು ಬದಿಯೂ ಜೊತೆಗೇ ತಿರುಗಿದರೆ ಎರಡೂ ಕಡೆ ಬಿಟ್ ಹಾಕಿ ಒಂದನ್ನು ಹಿಡಿದುಕೊಳ್ಳಬೇಕು.

ಸ್ಕ್ರೂ ಜಗ್ಗದೇ ಇದ್ದರೆ ಬಲ ಹಾಕಬೇಡಿ. ಕಾರ್ಖಾನೆಯಲ್ಲಿ ಹಾಕಿದ ಥ್ರೆಡ್ ಲಾಕರ್ ಅಂಟು ಹಿಡಿದಿರುತ್ತದೆ. ಬಿಸಿಯಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಯ ಮೇಲೆ ಅರ್ಧ ನಿಮಿಷ ಇಟ್ಟು ಕೂಡಲೇ ತಿರುಗಿಸಿ, ಅಂಟು ಮೆತ್ತಗಾಗಿ ಬಿಡುತ್ತದೆ. ಪ್ಲಾಸ್ಟಿಕ್ ಹಿಡಿಗೆ ಕಾವು ತಾಗದಂತೆ ನೋಡಿಕೊಳ್ಳಿ. ಗ್ಯಾಸ್ ಒಲೆಯ ಮೇಲೆ ಚಾಕು ಹಿಡಿಯುವುದು ಮಾತ್ರ ಎಂದೂ ಬೇಡ: ಅಲಗಿನ ಹದ ಇಳಿದು ಬಾಯಿ ನಿಲ್ಲದಂತಾಗುತ್ತದೆ.

ಸರಿಯಾದ ಜಾಗ ಸಿಕ್ಕಿದ ಮೇಲೂ ಎರಡು ದಿನದಲ್ಲಿ ಸ್ಕ್ರೂ ತಾನಾಗಿ ಸಡಿಲಾಗುತ್ತಿದ್ದರೆ ನೀಲಿ ಥ್ರೆಡ್ ಲಾಕರ್ ಬೇಕು. ಸ್ಕ್ರೂ ತೆಗೆದು ಅದರ ಮರೆಯನ್ನು (ಸುರುಳಿ ಗೆರೆಗಳನ್ನು) ಐಪಿಎಯಲ್ಲಿ ಒರೆಸಿ, ಎಣ್ಣೆ ಉಳಿದರೆ ಅಂಟು ಹಿಡಿಯದು. ಹಲ್ಲುಕಡ್ಡಿಯ ತುದಿಯಲ್ಲಿ ಚುಕ್ಕೆಯಷ್ಟು ಹಚ್ಚಿ, ಸ್ಕ್ರೂ ಕೂರಿಸಿ, 24 ಗಂಟೆ ಬಿಡಿ. ಒಳಗೆ ಅಲಗಿಗೂ ಹಿಡಿಗೂ ನಡುವಿನ ತೆಳು ಬಿಲ್ಲೆಗೆ, ಅಂದರೆ ವಾಷರಿಗೆ, ಹರಿದರೆ ಅಲಗೇ ಅಂಟಿಕೊಳ್ಳುತ್ತದೆ. ಕೆಂಪು ಥ್ರೆಡ್ ಲಾಕರ್, ಫೆವಿಕ್ವಿಕ್ ಎರಡೂ ಈ ಕೆಲಸಕ್ಕಲ್ಲ.

ಪೂರ್ತಿ ಬಿಚ್ಚುವ ಅಗತ್ಯ ಬರುವುದು ಅಲಗು ತಿರುಗುವಾಗ ಮರಳು ಸಿಕ್ಕಂತೆ ಕರಕರ ಅನಿಸಿದರೆ ಮಾತ್ರ. ಅಂಚಿರುವ ತಾಟಿನಲ್ಲಿ ಬಿಳಿ ಬಟ್ಟೆ ಹಾಸಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕಂಚಿನ ವಾಷರ್ ಬಿದ್ದು ಕಳೆದರೆ ಅಯಸ್ಕಾಂತ ಹಿಡಿದು ಹುಡುಕಿ ಫಲವಿಲ್ಲ. ವಾಷರಿನ ಅಂಚಿನಲ್ಲಿ ಮುಳ್ಳಿನಂಥ ಸಿಬಿರು ಕೈಗೆ ತಾಗಿದರೆ ಗಾಜಿನ ಮೇಲೆ 1000 ನಂಬರಿನ ಮರಳು ಕಾಗದ ಇಟ್ಟು, ವಾಷರನ್ನು ಒಂದು ಬೆರಳಿನಿಂದ ಹಗುರಾಗಿ ಎಂಟರ ಆಕಾರದಲ್ಲಿ ಇಪ್ಪತ್ತು ಸಲ ಉಜ್ಜಿ. ವಾಷರಿನ ಬದಲು ಬಾಲ್ ಬೇರಿಂಗ್ ಇದ್ದರೆ ಉಜ್ಜುವಂಥದ್ದು ಏನೂ ಇಲ್ಲ, ತೊಳೆದು ಎಣ್ಣೆ ಹಾಕಿದರೆ ಸಾಕು. ಜೋಡಿಸುವಾಗ ಕೀಲನ್ನು ಮೊದಲು ಕೂರಿಸಿ, ಹಿಡಿಯ ಸ್ಕ್ರೂಗಳನ್ನು ಆಮೇಲೆ.

ಲಾಕ್

ಕೀಲು ಕೆಟ್ಟರೆ ಚಾಕು ಬಿಗಿಯಾದೀತು. ಲಾಕ್ ಕೆಟ್ಟರೆ ಬೆರಳು ಹೋದೀತು. ಆದ್ದರಿಂದ ಇಲ್ಲಿ ಅರ ಹಿಡಿಯಬಾರದು. ಲಾಕ್ ಪಟ್ಟಿಯ ಮುಖಕ್ಕೂ ಅಲಗಿನ ಬುಡಕ್ಕೂ ಕೆಲವೇ ಡಿಗ್ರಿಗಳ ಓರೆ ಕೊಟ್ಟಿರುತ್ತಾರೆ, ಎರಡು ಸಲ ಅರ ಎಳೆದರೆ ಆ ಓರೆ ಹೋಗಿ ಲಾಕ್ ಜಾರತೊಡಗುತ್ತದೆ.

ಚಾಕು ತೆರೆದು ಹಿಂಬದಿಯಿಂದ ನೋಡಿ. ಲಾಕ್ ಪಟ್ಟಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಸರಿದು ನಿಂತಿದ್ದರೆ ಸರಿ. ಅಂಚಿನಲ್ಲಷ್ಟೇ ತಾಗಿ ನಿಂತಿದ್ದರೆ ಆ ಚಾಕುವಿನಿಂದ ಏನನ್ನೂ ಕೊಯ್ಯಬೇಡಿ. ಅಲಗು ಬಂದು ನಿಲ್ಲುವ ಅಡ್ಡಮೊಳೆಯ ಮೇಲೆ ಕೊಳೆ ಕೂತು ಅಲಗು ಪೂರ್ತಿ ತೆರೆಯದಿದ್ದರೂ ಹೀಗಾಗುತ್ತದೆ, ಹಲ್ಲುಕಡ್ಡಿಯಿಂದ ತೆಗೆದು ಮತ್ತೆ ನೋಡಿ. ಹಾಗೂ ಸರಿಯಾಗದಿದ್ದರೆ ಅಂಗಡಿಗೆ ವಾಪಸ್. ಪಟ್ಟಿ ಆಚೆ ಬದಿಯ ಹಿಡಿಗೇ ಹೋಗಿ ತಾಗಿದರೆ ಮೊದಲು ಕೀಲು ಸಡಿಲಾಗಿದೆಯೇ ನೋಡಿ.

ಆಮೇಲೆ ಒತ್ತಿ ನೋಡುವುದು. ಅಲಗು ಮಡಚುವ ದಾರಿಯಲ್ಲಿ ಒಂದು ಬೆರಳೂ ಇರದಂತೆ ಹಿಡಿಯನ್ನು ಹಿಡಿದು, ಅಲಗಿನ ಬೆನ್ನನ್ನು ಕಟ್ಟಿಗೆ ಹಲಗೆಯ ಮೇಲಿಟ್ಟು ನಿಧಾನವಾಗಿ ಒತ್ತಿ. ಲಾಕ್ ಬಿಡಬಾರದು. ಬೆನ್ನನ್ನು ಹಲಗೆಗೆ ಬಡಿದು ಪರೀಕ್ಷಿಸುವವರಿದ್ದಾರೆ, ಅದರಿಂದ ಒಳ್ಳೆಯ ಲಾಕೂ ಕೆಡುತ್ತದೆ. ಅಲಗು ಮೇಲೆ-ಕೆಳಗೆ ಅಲುಗಿದರೆ ಅದು ಲಾಕಿನ ದೋಷ. ಕೀಲು ಬಿಗಿ ಮಾಡಿ ಅದನ್ನು ಮರೆಸಬೇಡಿ.

ಲಾಕ್ ಅಂಟಿಕೊಂಡು ಬಿಡದಿದ್ದರೆ, ಅದರಲ್ಲೂ ಟೈಟೇನಿಯಂ ಲಾಕಿನಲ್ಲಿ ಇದು ಹೆಚ್ಚು, ಎರಡೂ ಮುಖಗಳನ್ನು ಐಪಿಎಯಲ್ಲಿ ಒರೆಸಿ, ಅಲಗಿನ ಬುಡದ ಮುಖಕ್ಕೆ ಮೆತ್ತನೆಯ ಪೆನ್ಸಿಲ್ ದಟ್ಟವಾಗಿ ಗೀಚಿ. ದಿನಕ್ಕೆ ಐವತ್ತು ಸಲದಂತೆ ನಾಲ್ಕೈದು ದಿನ ತೆರೆದು ಮುಚ್ಚಿದರೆ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಲಾಕಿನ ಮುಖಕ್ಕೆ ಎಣ್ಣೆ ಬಿಡಬೇಡಿ, ಅಲ್ಲಿ ಜಾರು ಒಳ್ಳೆಯದಲ್ಲ.

ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಲಾಕುಗಳು ಹೊಸದರಲ್ಲಿ ಗಟ್ಟಿಯೇ. ಒಳಗಿನ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತುತ್ತಲೇ ಇರುತ್ತದೆ, ನೂರು-ಇನ್ನೂರು ಸಲ ಆಡಿಸಿದ ಮೇಲೆ ನಯವಾಗುತ್ತದೆ. ಈ ಲಾಕಿನ ಹಲ್ಲು ಇಳಿಯುವ ಕಚ್ಚನ್ನು ಮಾತ್ರ ಆಗಾಗ ನೋಡಬೇಕು. ಯಾದಗಿರಿ, ಶಹಾಪುರದ ಹತ್ತಿ ಹೊಲದವರ ಕಿಸೆಯಲ್ಲಿ ಎಳೆ ಇದ್ದೇ ಇರುತ್ತದೆ. ಅದು ಕಚ್ಚಿನಲ್ಲಿ ಅಮರಿಕೊಂಡರೆ ಹಲ್ಲು ಪೂರ್ತಿ ಇಳಿಯದು, ಲಾಕ್ ಆದಂತೆ ಕಂಡು ಬಿಟ್ಟುಬಿಡುತ್ತದೆ. ಭಾಲ್ಕಿ, ಹುಮನಾಬಾದ್ ಕಡೆ ಕಬ್ಬು ಕೊಯ್ದ ಚಾಕುವನ್ನು ಅದೇ ದಿನ ಬಿಸಿ ನೀರಿನಲ್ಲಿ ತೊಳೆಯಿರಿ, ಒಣಗಿದ ರಸ ಗೋಂದಿನಂತೆ.

ಕಟ್ಟಿಗೆ ಹಿಡಿಯ ಚಾಕು

ಫ್ರಾನ್ಸಿನ ಒಪಿನೆಲ್‌ನಂಥ, ತಿರುಗುವ ಉಂಗುರದ ಲಾಕ್ ಇರುವ ಚಾಕುಗಳಿಗೆ ಕೀಲಿನ ಸ್ಕ್ರೂ ಇಲ್ಲ, ರಿವೆಟ್ ಇದೆ. ಇಲ್ಲಿ ಬಿಗಿಗೆ ಕಾರಣ ಕಟ್ಟಿಗೆ. ಮಳೆಗಾಲದ ತೇವಕ್ಕೆ ಅದು ಉಬ್ಬಿ ಅಲಗನ್ನು ಹಿಸುಕುತ್ತದೆ. ನೆರಳಲ್ಲಿ ಗಾಳಿಗೆ ನಾಲ್ಕೈದು ದಿನ ಒಣಗಲು ಬಿಡಿ, ಬಿಸಿಲಿಗಿಟ್ಟರೆ ಸೀಳುತ್ತದೆ. ತುರ್ತಿದ್ದರೆ ಉಂಗುರವನ್ನು ಸಂದಿಗೆ ನೇರ ಮಾಡಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಟಕ್ಕೆಂದು ತಟ್ಟಿದರೆ ಅಲಗು ಬೆರಳಿಗೆ ಸಿಗುವಷ್ಟು ಮೇಲೇಳುತ್ತದೆ. ಸಂದಿಯ ಒಳಗೋಡೆಗೆ ಮೇಣದಬತ್ತಿ ಉಜ್ಜಿ. ಅದಕ್ಕೂ ಬಗ್ಗದಿದ್ದರೆ 220 ನಂಬರಿನ ಮರಳು ಕಾಗದವನ್ನು ಮಡಚಿ ಸಂದಿಯೊಳಗೆ ಹತ್ತು ಸಲ ಎಳೆದು ನೋಡಿ, ಮತ್ತೆ ಹತ್ತು ಸಲ. ಹೆಚ್ಚು ಕೆತ್ತಬೇಡಿ. ಜುಲೈನಲ್ಲಿ ಸರಿಯೆನಿಸುವಷ್ಟು ತೆಗೆದರೆ, ಕಟ್ಟಿಗೆ ಕುಗ್ಗುವ ಮೇ ತಿಂಗಳಲ್ಲಿ ಅಲಗು ಲಟಲಟ ಅಲ್ಲಾಡುತ್ತದೆ.