30 ಜನರಿಗೆ ಮಾವಿನ ಪುಡ್ಡಿಂಗ್: ಪದರಗಳನ್ನು ನಿಲ್ಲಿಸಿದ ಬಗೆ

ಓವನ್ನಿನ ಗೊಡವೆಯಿಲ್ಲದೆ ಬಿಸ್ಕತ್ತು, ಕ್ರೀಮು, ಮಾವಿನ ರಸಗಳನ್ನು ಪದರಪದರವಾಗಿ ಹಾಕಿ ಮಾಡುವ ಪುಡ್ಡಿಂಗ್ ಸಣ್ಣ ಬಟ್ಟಲಿನಲ್ಲಿ ಚೆನ್ನಾಗಿಯೇ ಬರುತ್ತದೆ. ದೊಡ್ಡ ಟ್ರೇಯಲ್ಲಿ ಮಾತ್ರ ಕತ್ತರಿಸಿದೊಡನೆ ಎಲ್ಲವೂ ಒಂದಾಗಿ ಹರಿಯುತ್ತಿತ್ತು. ಮೂಲ ಕಾರಣ ಕ್ರೀಮಿನಲ್ಲಿತ್ತು. ಅಂಗಡಿಯ ಸಾಮಾನ್ಯ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸುಮಾರು ಶೇ. 25 ಮಾತ್ರ ಇರುವುದರಿಂದ, ಎಷ್ಟು ಕಡೆದರೂ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಕನಿಷ್ಠ ಶೇ. 30 ಬೇಕು.

ಹಾಗಾಗಿ 3 ಲೀಟರ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ನೀರು ಬಸಿಯಲು ಬಿಟ್ಟು, ಶ್ರೀಖಂಡಕ್ಕೆ ಬಳಸುವಂಥ ಆ ಗಟ್ಟಿ ಮೊಸರಿಗೆ 2 ಡಬ್ಬಿ ಕಂಡೆನ್ಸ್‌ಡ್ ಮಿಲ್ಕ್ ಕಲಸಿದೆ. ಕ್ರೀಮಿಗಿಂತ ಇದರ ಹುಳಿಸಿಹಿಯೇ ಮಾವಿಗೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೇಲಿನ ಪದರಕ್ಕೆ 6 ಗ್ರಾಂ ಅಗರ್ ಪುಡಿಯನ್ನು (ಕಡಲಕಳೆಯಿಂದ ತೆಗೆಯುವ, ರಸವನ್ನು ಹೆಪ್ಪುಗಟ್ಟಿಸುವ ಪುಡಿ) ಒಂದು ಲೋಟ ನೀರಿನಲ್ಲಿ ಎರಡು ನಿಮಿಷ ಕುದಿಸಿ, 1 ಲೀಟರ್ ಮಾವಿನ ರಸಕ್ಕೆ ಬೆರೆಸಬೇಕು. ರಸ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿದ್ದರೆ ಅಗರ್ ಅಲ್ಲಲ್ಲೇ ಎಳೆಎಳೆಯಾಗಿ ಹೆಪ್ಪುಗಟ್ಟುತ್ತದೆ, ಏಕೆಂದರೆ ಅದು 40 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ರಸವನ್ನು ಉಗುರುಬೆಚ್ಚಗೆ ಮಾಡಿಕೊಂಡು, ಸೌಟಿನ ಬೆನ್ನಿನ ಮೇಲಿಂದ ನಿಧಾನವಾಗಿ ಸುರಿದರೆ ಕೆಳಗಿನ ಪದರ ಕದಡುವುದಿಲ್ಲ. ಮಾರಿ ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ ಕೂಡಲೇ ತೆಗೆಯಬೇಕು, ನೆನೆಯಲು ಬಿಡಬಾರದು.

ಅಗರ್ ಪದರ ಸೆಖೆಗೆ ಕರಗುವುದಿಲ್ಲ, ಮೊಸರಿನದು ಸಡಿಲವಾಗುತ್ತದೆ; ಹೀಗಾಗಿ ಎಲೆಗೆ ಬಡಿಸುವ ಹೊತ್ತಿಗಷ್ಟೇ ಟ್ರೇಯನ್ನು ಹೊರತೆಗೆದು, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿದೆ.